ಗುಂಡಿ ಒತ್ತಿದರೆ ಏಳುವ ಸೀಟು

ನಕ್ಷೆಗಾರನ ಕಾರಿನ ಮುಂದಿನ ಸೀಟಿನಲ್ಲಿ ಒಂದು ಸ್ಪ್ರಿಂಗು ಮುರಿದದ್ದೇ ಇಷ್ಟಕ್ಕೆಲ್ಲ ಮೂಲ. ಅದು ಮುರಿದು ಎಷ್ಟೋ ಕಾಲವಾಗಿತ್ತು. ಅದರ ಮೇಲೆ ಒಂದು ದಿಂಬು ಬಂತು. ದಿಂಬು ಚಪ್ಪಟೆಯಾದ ಮೇಲೆ ಇನ್ನೊಂದು ದಿಂಬು ಬಂತು, ಆಮೇಲೆ ಮಡಿಸಿದ ಕಂಬಳಿ. ಕೂತವರು ಮೊದಲು ಸಿಂಹಾಸನವೇರಿದವರ ಹಾಗೆ ಕಾಣುತ್ತಿದ್ದರು. ಬೀದಿಯ ತಿರುವು ದಾಟುವಷ್ಟರಲ್ಲಿ ಮೆಲ್ಲಗೆ ಒಳಗಿಳಿದು, ಹೊರಗಿನಿಂದ ನೋಡುವವರಿಗೆ ಬರೀ ಹಣೆ ಕಾಣುವ ಹಾಗಾಗುತ್ತಿದ್ದರು.

ಅದೇ ಸೀಟಿನಲ್ಲಿ ಕೂತು ಅವನ ಅತ್ತೆ ಮಂಡಿ ಆಪರೇಷನ್ನಿಗೆ ಹೋದರು. ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು, ಅತ್ತೆ ಏಳಲಿಲ್ಲ. ಏಳಲಾಗಲಿಲ್ಲ. ಅಳಿಯ ಒಂದು ಕೈ ಹಿಡಿದ, ಕಾವಲುಗಾರ ಇನ್ನೊಂದು ಕೈ ಹಿಡಿದ, ಸಿಲಿಂಡರು ಇಳಿಸಲು ಬಂದಿದ್ದವನೊಬ್ಬ ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದ. ಹೊರರೋಗಿಗಳ ಸಾಲು ತನ್ನ ನೋವು ಮರೆತು ಈ ಕಡೆ ತಿರುಗಿ ನಿಂತಿತು. ಆಪರೇಷನ್ ಕೋಣೆಯೊಳಗೆ ತಳ್ಳಿಕೊಂಡು ಹೋಗುವಾಗ ಅತ್ತೆ ಮಗಳನ್ನು ಹತ್ತಿರ ಕರೆದು ಹೇಳಿದರು: "ಒಳಗೆ ಏನಾದ್ರೂ ಆಗ್ಲಿ, ಪರವಾಗಿಲ್ಲ. ಬದುಕಿ ಬಂದ್ರೆ ಆ ಕಾರಲ್ಲಿ ಮಾತ್ರ ನನ್ನ ಕರ್ಕೊಂಡು ಹೋಗ್ಬೇಡಿ."

ಹೆಂಡತಿ ಈ ಮಾತನ್ನು ಮನೆಗೆ ತಂದು, ಊಟಕ್ಕೆ ಬಡಿಸುವಾಗ ಪಕ್ಕದಲ್ಲಿಟ್ಟಳು. ನಕ್ಷೆಗಾರ ಅದನ್ನು ನುಂಗಿಕೊಂಡ. ಮಾರನೆಯ ದಿನವೇ ಗುಜರಿ ಅಂಗಡಿಗೆ ಹೋದ.

ಅಲ್ಲಿ ಒಂದು ದೊಡ್ಡ ಕಾರು ನಿಂತಿತ್ತು. ಅದರ ಹಿಂಭಾಗವನ್ನು ಯಾವುದೋ ಲಾರಿ ಅಪ್ಪಚ್ಚಿ ಮಾಡಿತ್ತು, ಮುಂಭಾಗ ಏನೂ ಆಗದ ಹಾಗೆ ನಗುತ್ತಿತ್ತು. ಗುಜರಿಯವನು ಅದರ ಮುಂದಿನ ಎರಡು ಸೀಟು ಬಿಚ್ಚಿ, ನೆಲದ ಮೇಲಿಟ್ಟು, ಒಂದು ಬ್ಯಾಟರಿಗೆ ತಗುಲಿಸಿ ಗುಂಡಿ ಒತ್ತಿದ. ಸೀಟು ಸದ್ದಿಲ್ಲದೆ ಮೇಲೆದ್ದಿತು, ಮುಂದೆ ಸರಿಯಿತು, ಬೆನ್ನು ಬಾಗಿಸಿತು. ಕೂತು ನೋಡಿ ಅಂದ. ನಕ್ಷೆಗಾರ ಕೂತ. ಸರ್ವೆ ಕಚೇರಿಯ ಮೇಜಿನ ಮೇಲೆ ಬಗ್ಗಿ ಬಗ್ಗಿ ಪ್ರಶ್ನಾರ್ಥಕ ಚಿಹ್ನೆಯಾಗಿದ್ದ ಅವನ ಬೆನ್ನು ಆ ಮೆತ್ತೆಗೆ ಒರಗಿದ್ದೇ ತಡ, ಅವನ ಒಳಗಿನಿಂದ ಒಂದು ನಿಟ್ಟುಸಿರು ಹೊರಬಂತು. ಅಂಥ ನಿಟ್ಟುಸಿರು ಕೇಳಿದ ಮೇಲೆ ಯಾವ ಗುಜರಿಯವನೂ ಚೌಕಾಸಿಗೆ ಒಪ್ಪುವುದಿಲ್ಲ. ಅತ್ತೆಯವರಿಗಾಗಿ ತಂದೆ ಎಂದು ನಕ್ಷೆಗಾರ ಮನೆಯಲ್ಲಿ ಹೇಳಿದ. ಹಾಗಾದರೆ ಡ್ರೈವರ್ ಕಡೆಯ ಸೀಟು ಯಾರಿಗೆ ಎಂದು ಹೆಂಡತಿ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಮೆಕ್ಯಾನಿಕ್ಕು ಹಳೆಯ ಸೀಟು ತೆಗೆದು ಹೊಸದನ್ನು ನೆಲಕ್ಕೆ ಬಿಗಿದುಕೊಟ್ಟ. ಕೆಳಗೆ ಜೋತಾಡುತ್ತಿದ್ದ ಬಣ್ಣಬಣ್ಣದ ವೈರುಗಳನ್ನು ನೋಡಿ, ಇದು ನನ್ನ ಇಲಾಖೆಯಲ್ಲ, ಕಾರಿನ ಎಲೆಕ್ಟ್ರಿಷಿಯನ್ನಿಗೆ ತೋರಿಸಿ ಅಂದ. ಎಲೆಕ್ಟ್ರಿಷಿಯನ್ ಊರಲ್ಲಿರಲಿಲ್ಲ. ಅತ್ತೆಯ ಬಿಡುಗಡೆ ಮರುದಿನ ಸಂಜೆ.

ಅಂಜುವಂಥದ್ದೇನಿದೆ ಎಂದುಕೊಂಡ ನಕ್ಷೆಗಾರ. ಅವನ ಇಡೀ ಸೇವೆ ಗೆರೆ ಎಳೆಯುವುದರಲ್ಲೇ ಕಳೆದಿತ್ತು. ವೈರು ಅಂದರೆ ಗೆರೆ ತಾನೆ. ಎಲ್ಲಿಂದಲೋ ಒಂದು ವೈರಿಂಗ್ ಚಿತ್ರ ಹುಡುಕಿ, ಅದನ್ನು ಕಚೇರಿಯಲ್ಲೇ ಬಣ್ಣದ ಶಾಯಿಯಲ್ಲಿ ಹೊಸದಾಗಿ ಬರೆದುಕೊಂಡ. ಸಹೋದ್ಯೋಗಿಗಳು ಇದು ಯಾವ ನದಿಯದು ಎಂದು ಕೇಳಿದರು.

ಮರುದಿನ ಬೆಳಿಗ್ಗೆ ರಜೆ ಹಾಕಿ, ಕಾರನ್ನು ಗೇಟಿನ ಮುಂದೆ ನಿಲ್ಲಿಸಿ, ಬಾಗಿಲು ತೆಗೆದು ಅಂಗಾತ ಮಲಗಿ ಸೀಟಿನಡಿ ತಲೆ ತೂರಿಸಿದ.

"ಆಗ್ದಿದ್ರೆ ಮೊದಲೇ ಹೇಳ್ಬಿಡಿ," ಅಂದಳು ಹೆಂಡತಿ, ಆಸ್ಪತ್ರೆಗೆ ಹೊರಡುತ್ತ. "ಬಾಡಿಗೆ ಗಾಡಿ ಕರೀತೀನಿ. ಅಮ್ಮನ್ನ ಕಾಯಿಸೋದು ಬೇಡ."

"ಕೆಂಪು ಒಂದು, ಕಪ್ಪು ಒಂದು. ಇದರಲ್ಲಿ ಆಗ್ದೇ ಇರೋದು ಏನಿದೆ?" ಎಂದಿತು ಸೀಟಿನಡಿಯ ದನಿ.

ಕಾರಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿದ್ದರೆ ಬೀದಿಗೆ ಅದು ಆಮಂತ್ರಣ. ಮೊದಲು ಬಂದವರು ಎದುರುಮನೆಯ ಹೈಟೆನ್ಷನ್ ಯಜಮಾನರು. ಆಕಾಶದೆತ್ತರದ ಗೋಪುರಗಳ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಉಸ್ತುವಾರಿ ನೋಡಿ ನಿವೃತ್ತರಾದವರು. ಅದಕ್ಕಿಂತ ಕೆಳಗಿನ ಯಾವ ಕರೆಂಟನ್ನೂ ಅವರು ಕರೆಂಟೆಂದು ಒಪ್ಪುತ್ತಿರಲಿಲ್ಲ. ಮನೆಯ ಫ್ಯಾನು ಕೆಟ್ಟಾಗಲೂ ಅವರ ಹೆಂಡತಿ ಹೊರಗಿನವರನ್ನು ಕರೆಯುತ್ತಿದ್ದರು. ಹೊಟ್ಟೆ ಮಾತ್ರ ಅವರದು ಟ್ರಾನ್ಸ್‌ಫಾರ್ಮರಿನ ಅಳತೆಯದು.

"ಎಷ್ಟು ವೋಲ್ಟು?" ಎಂದು ಕೇಳಿದರು ಕಾಲುಗಳನ್ನು.

ಹನ್ನೆರಡು ಎಂದು ಗೊತ್ತಾದಾಗ ಅವರ ಮುಖದಲ್ಲಿ ಕನಿಕರ ಮೂಡಿತು. ಹನ್ನೆರಡು ವೋಲ್ಟಿಗೆ ಒಂದು ನಕ್ಷೆ ಬೇರೆ ಬೇಕೇ ಎಂದು ನಕ್ಕು, ಗೇಟಿನ ಕಂಬಕ್ಕೊರಗಿ ನೆಲೆ ನಿಂತರು.

ಅಷ್ಟರಲ್ಲಿ ಬಾಮೈದ ಬಂದ. ತಾಯಿಯನ್ನು ಕರೆತರಲು ಭಾವನ ಜೊತೆ ಹೋಗಬೇಕಿದ್ದವನು. ಲೋಕದ ಸಕಲ ವಿದ್ಯೆಯನ್ನೂ ಫೋನಿನ ವಿಡಿಯೋಗಳಲ್ಲಿ ನೋಡಿ ಕಲಿತಿದ್ದ. ವಿಡಿಯೋ ಮುಗಿಯುವ ಮುಂಚೆಯೇ ಕಲಿತುಬಿಡುತ್ತಿದ್ದ ಎಂಬುದೊಂದೇ ತೊಂದರೆ. ಬ್ಯಾಟರಿಯಿಂದ ನೇರ ವೈರು ಎಳೆಯುವುದು ದಂಡ, ರೇಡಿಯೋಗೆ ಹೋಗುವ ವೈರಿನಿಂದಲೇ ಕರೆಂಟು ತೆಗೆದುಕೊಳ್ಳೋಣ, ತಾನು ನೋಡಿದವನು ಹಾಗೇ ಮಾಡಿದ ಅಂದ. ಸುಲಭದ ದಾರಿ ಕಂಡರೆ ದಣಿದವನಿಗೆ ಆಸೆಯಾಗುತ್ತದೆ. ಜೋಡಿಸಿದರು. ನಕ್ಷೆಗಾರ ಗುಂಡಿ ಒತ್ತಿದ. ಎಲ್ಲೋ 'ಟಪ್' ಎಂದಿತು. ಸೀಟು ಕದಲಲಿಲ್ಲ, ರೇಡಿಯೋ ತೀರಿಕೊಂಡಿತು. ಆ ವಿಡಿಯೋದಲ್ಲಿ ಮುಂದೆ ಏನಾಯಿತು ಎಂದು ಕೇಳಿದರೆ, ಅಲ್ಲಿಗೆ ಜಾಹೀರಾತು ಬಂತು ಭಾವ ಎಂದ.

ಈಗ ಹೈಟೆನ್ಷನ್ ಯಜಮಾನರು ಕಂಬ ಬಿಟ್ಟು ಬಂದರು. ಸ್ಟಿಯರಿಂಗಿನ ಕೆಳಗೆ ಬಗ್ಗಿ, ಟೇಪು ಸುತ್ತಿದ ಒಂದು ದಪ್ಪ ವೈರನ್ನು ತೋರಿಸಿ, ಬೇಕಾದಷ್ಟು ಕರೆಂಟು ಹೊರುವ ದೇಹ ಇದರದ್ದು, ಇದಕ್ಕೆ ಕೊಡಿ ಎಂದು ಅಪ್ಪಣೆ ಮಾಡಿದರು. ಅದು ದಪ್ಪವಾಗಿದ್ದದ್ದು ಟೇಪಿನಿಂದ. ಒಳಗಿದ್ದದ್ದು ಇಂಡಿಕೇಟರಿನ ಸಣಕಲು ವೈರು. ಜೋಡಿಸಿ ಗುಂಡಿ ಒತ್ತಿದಾಗ ಏನೂ ಆಗಲಿಲ್ಲ.

"ನಿಮ್ಮ ಬೆರಳಲ್ಲಿ ಭಾರ ಇಲ್ಲ," ಅಂದರು ಯಜಮಾನರು. "ಏಳಿ, ನಾನು ಕೂತ್ಕೋತೀನಿ."

ಕೂತರು. ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಪಕ್ಕದ ಸೀಟಿಗೆ ಹತ್ತಿದ ಬಾಮೈದ, ಇನ್ನೇನು ಕೆಟ್ಟಿದೆಯೋ ನೋಡೋಣವೆಂದು, ಕೈಗೆ ಸಿಕ್ಕ ಇಂಡಿಕೇಟರಿನ ಕಡ್ಡಿಯನ್ನು ಕೆಳಗೆಳೆದ. ಹೊರಗೆ ಹಳದಿ ದೀಪ ಮಿಣುಕಿತು. ಟಿಕ್ ಎಂದಿತು, ಸೀಟು ಒಂದಿಷ್ಟು ಮುಂದೆ ಜರುಗಿತು. ಟಿಕ್, ಇನ್ನಷ್ಟು ಜರುಗಿತು. ಯಜಮಾನರ ಮುಖ ಅರಳಿತು. ಎಲ್ಲ ತಮ್ಮ ಹೆಬ್ಬೆರಳಿನ ಮಹಿಮೆಯೆಂದು ಅವರು ಇನ್ನೂ ಬಲವಾಗಿ ಒತ್ತಿದರು. ದೀಪ ಮಿಣುಕಿದಾಗಲೆಲ್ಲ ಸೀಟು ಮುಂದೆ, ಮಿಣುಕದಿದ್ದಾಗ ವಿಶ್ರಾಂತಿ. ಮೆರವಣಿಗೆಯ ಗತ್ತಿನಲ್ಲಿ ಹೊಟ್ಟೆ ಸ್ಟಿಯರಿಂಗನ್ನು ಸಮೀಪಿಸಿತು. ಸಾಕೆಂದು ಬೆರಳು ತೆಗೆದರು. ಗುಂಡಿ ಮಾತ್ರ ಒಳಗೇ ಕಚ್ಚಿಕೊಂಡಿತ್ತು. ಟಿಕ್. ಟಿಕ್. ಹೊಟ್ಟೆ ಸ್ಟಿಯರಿಂಗಿನ ನಟ್ಟನಡುವೆ ಊರಿತು, ಹಾರನ್ನು ಕೂಗತೊಡಗಿತು. ಆಗ ಇನ್ನೊಂದು 'ಟಪ್' ಕೇಳಿಸಿತು. ಇಂಡಿಕೇಟರಿನ ಫ್ಯೂಸೂ ಹೋಯಿತು. ಸೀಟು ಅಲ್ಲೇ ನಿಂತಿತು, ಹಾರನ್ನು ನಿಲ್ಲಲಿಲ್ಲ.

ನಕ್ಷೆಗಾರ ಓಡಿಹೋಗಿ ಬಾನೆಟ್ಟು ತೆಗೆದು ಬ್ಯಾಟರಿಯ ವೈರು ಕಿತ್ತ. ಬೀದಿಗೆ ಮೌನ ಮರಳುವಷ್ಟರಲ್ಲಿ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು.

ಬಾಮೈದ ಯಜಮಾನರ ಕಂಕುಳಿಗೆ ಕೈ ಹಾಕಿ ಎಳೆದ. ಅಂಗಿಯ ಗುಂಡಿಗಳು ಹೊರಬಂದವು, ಯಜಮಾನರು ಬರಲಿಲ್ಲ. ಅವರ ಮಂಡಿಗಳು ಸ್ಟಿಯರಿಂಗಿನ ಕೆಳಗೆ, ಹೊಟ್ಟೆ ಅದರ ಎದುರಿಗೆ ಬೀಗ ಹಾಕಿದಂತೆ ಕೂತಿದ್ದವು. ಸೀಟನ್ನೇ ನೆಲದಿಂದ ಬಿಚ್ಚೋಣವೆಂದು ನಕ್ಷೆಗಾರ ಸ್ಪ್ಯಾನರು ಹಿಡಿದು ಬಗ್ಗಿದ. ಹಿಂದಿನ ಎರಡು ಬೋಲ್ಟು ಕಂಡವು. ಮುಂದಿನ ಎರಡು ಸೀಟಿನ ಅಡಿಯಲ್ಲೇ ಮುಚ್ಚಿಹೋಗಿದ್ದವು, ಸೀಟು ಹಿಂದೆ ಸರಿದರೆ ಮಾತ್ರ ಕಾಣುವಂಥವು. ಸೀಟು ಹಿಂದೆ ಸರಿಯುವುದಾಗಿದ್ದರೆ ಬಿಚ್ಚುವ ಅಗತ್ಯವೇ ಇರಲಿಲ್ಲ.

ಸುದ್ದಿ ತಿಳಿದು ಯಜಮಾನರ ಹೆಂಡತಿ ಬಂದರು. ಗಂಡನನ್ನು ಒಂದು ಗಳಿಗೆ ನಿಂತು ನೋಡಿದರು.

"ನೋವೇನಾದ್ರೂ ಇದೆಯಾ?" ಎಂದು ಕೇಳಿದರು.

ಇಲ್ಲವೆಂದರು ಯಜಮಾನರು, ಉಸಿರು ಉಳಿತಾಯ ಮಾಡುತ್ತ.

"ಹಾಗಿದ್ರೆ ಅವಸರ ಮಾಡ್ಬೇಡಿ," ಎಂದು ಆಕೆ ನಕ್ಷೆಗಾರನಿಗೆ ಹೇಳಿದರು. "ಇವ್ರು ನಿವೃತ್ತಿ ಆದಾಗಿನಿಂದ ನಾನೂ ಹಗಲಲ್ಲಿ ಒಂಚೂರು ಕಣ್ಣು ಮುಚ್ಚಿಲ್ಲ." ಹೋಗಿ, ಕಿಟಕಿಯಿಂದ ಕೊಡಲು ಒಂದು ಲೋಟ ಚಹಾ ಕಳಿಸಿ, ಬಾಗಿಲು ಹಾಕಿಕೊಂಡರು.

ಈಗ ಉಳಿದದ್ದು ಒಂದೇ ದಾರಿ. ಮೊದಲೇ ಮಾಡಬೇಕಾಗಿದ್ದನ್ನು ಮಾಡುವುದು. ನಕ್ಷೆಗಾರ ಅಂಗಡಿಗೆ ನಡೆದು ಹೋಗಿ ಬೆರಳುಗಾತ್ರದ ಕೆಂಪು ವೈರನ್ನೂ ದೊಡ್ಡ ಫ್ಯೂಸನ್ನೂ ತಂದ. ಬ್ಯಾಟರಿಯಿಂದ ಶುರು ಮಾಡಿ, ಎಂಜಿನ್ನಿನ ಹಿಂದಿನ ತೂತಿನಲ್ಲಿ ತೂರಿಸಿ, ನೆಲಹಾಸಿನಡಿ ಎಳೆದು, ಯಜಮಾನರ ಪಾದಗಳ ಪಕ್ಕದಲ್ಲಿ ಹಾಯಿಸಿ, ಎರಡೂ ಸೀಟಿಗೆ ಕವಲು ಮಾಡಬೇಕು. ಸೀಟುಗಳ ಕಪ್ಪು ವೈರನ್ನು ಮೊದಲಿನ ಜಾಗದಿಂದ ಕಿತ್ತು, ನೆಲದ ಬೇರೊಂದು ಬೋಲ್ಟಿಗೆ ಬಿಗಿಯಬೇಕು. ಬೆನ್ನು ನೂರು ಕಡೆ ಬಾಗಿತು, ಬಾಗಿದ ಕಡೆಯೆಲ್ಲ ನೋಯಿತು. ಮೇಲಿನಿಂದ ಸಲಹೆಗಳು ಜಿನುಗುತ್ತಲೇ ಇದ್ದವು. ಹೊಟ್ಟೆ ಒತ್ತಿಹೋಗಿದ್ದರಿಂದ ಯಜಮಾನರಿಗೆ ಉದ್ದುದ್ದ ಮಾತಾಡಲು ಆಗುತ್ತಿರಲಿಲ್ಲ, ಅದಕ್ಕೇ ತುಂಡು ತುಂಡಾಗಿ ಹೇಳುತ್ತಿದ್ದರು. ಬಿಗಿ ಮಾಡಿ. ಸಡಿಲ ಬಿಡಿ. ಅದಲ್ಲ, ಅದು. ಬಾಮೈದ ಬಿಸ್ಕತ್ತು ತಿನ್ನುತ್ತ ಇದನ್ನೆಲ್ಲ ವಿಡಿಯೋ ಮಾಡಿದ.

ಕಚ್ಚಿಕೊಂಡಿದ್ದ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಬ್ಯಾಟರಿ ಜೋಡಿಸಿ, ಹಾರನ್ನು ಕೂಗುತ್ತಿರುವಂತೆಯೇ ಹಿಂದಕ್ಕೆ ಸರಿಸುವ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಬ್ಯಾಟರಿ ಕಿತ್ತ. ಎಲ್ಲ ಜೋಡಣೆಯನ್ನೂ ಮುಟ್ಟಿ ನೋಡಿದ. ಮತ್ತೆ ಜೋಡಿಸಿದ. ಹಾರನ್ನು ಮಾತ್ರ ಬಂತು.

ಆಗ ಹೆಂಡತಿಯ ಫೋನು ಬಂತು. ಕಾಗದಪತ್ರವೆಲ್ಲ ಮುಗಿಯಿತು, ಅಮ್ಮ ಸೀರೆ ಬದಲಾಯಿಸಿ ಕೂತಿದ್ದಾರೆ, ಗಾಡಿ ಕರೆಯಲೋ ಬೇಡವೋ ಎಂದಳು. ಬೇಡ ಎಂದು ಹೇಳಿಬಿಟ್ಟ. ಹೇಳಿ, ಫೋನನ್ನು ಜೇಬಿಗಿಟ್ಟು, ಕಾರಿನೊಳಗೆ ಹಾಗೇ ಮಲಗಿಕೊಂಡ. ಕೆನ್ನೆ ನೆಲಕ್ಕೆ ತಾಗಿತ್ತು. ಪ್ರಯತ್ನ ಎಂಬುದು ಅವನೊಳಗಿಂದ ಪೂರ್ತಿ ಸೋರಿಹೋಗಿತ್ತು. ಹಾಗೆ ಬಿದ್ದುಕೊಂಡಿದ್ದವನ ಮೂಗಿನ ಎದುರಿಗೇ ಕಪ್ಪು ವೈರು ಬಿಗಿದ ಬೋಲ್ಟು ಇತ್ತು. ಅದರ ಸುತ್ತ ಹಿಂದಿನ ಮಾಲೀಕ ಬಳಿಸಿದ ನೀಲಿ ಬಣ್ಣ, ಅದರಡಿ ಅವನ ಹಿಂದಿನವನ ಬಿಳಿ ಬಣ್ಣ, ಅದರಡಿ ಇನ್ನೊಂದು, ಗೋಡೆಯ ಗಾರೆಯಷ್ಟು ದಪ್ಪಕ್ಕೆ. ಕರೆಂಟು ಹರಿಯಬೇಕಾದರೆ ಕಪ್ಪು ವೈರು ಕಾರಿನ ಕಬ್ಬಿಣವನ್ನು ಮುಟ್ಟಬೇಕು. ಇದು ಬಣ್ಣದ ಮೇಲೆ ಕೂತು ಕಾಲ ಕಳೆಯುತ್ತಿತ್ತು.

ನಕ್ಷೆಗಾರ ಎದ್ದು ಕೂತ. ಬೋಲ್ಟು ಸಡಿಲಿಸಿ, ಉಪ್ಪುಕಾಗದ ಹಿಡಿದು ಉಜ್ಜತೊಡಗಿದ. ನೀಲಿ ಹೋಯಿತು, ಬಿಳಿ ಹೋಯಿತು, ಕಬ್ಬಿಣ ಫಳಫಳಿಸಿತು. ಬಿಗಿದ. ಬ್ಯಾಟರಿ ಜೋಡಿಸಿದ. ಗುಂಡಿ ಒತ್ತಿದ.

ಬೆಣ್ಣೆಯ ಮೇಲೆ ಜಾರಿದಂತೆ ಸೀಟು ಹಿಂದೆ ಸರಿಯಿತು. ಹಾರನ್ನು ನಿಂತಿತು. ಯಜಮಾನರು ದೀರ್ಘವಾಗಿ ಉಸಿರೆಳೆದುಕೊಂಡರು. ಆ ಉಸಿರಿನಲ್ಲಿ ಅವರು ಆಡಿದ ಮೊದಲ ಮಾತು, "ನಾನು ಆವಾಗ್ಲೇ ಅಂದ್ಕೊಂಡೆ, ಇದು ಅರ್ಥಿಂಗೇ ಅಂತ."

ಬೀದಿಯವರು ತಲೆದೂಗಿದರು. ಒಬ್ಬರು ಬಾಮೈದನ ಬೆನ್ನು ತಟ್ಟಿದರು.

ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಅದೇ ಕಾರನ್ನು ನೋಡಿ ಮುಖ ತಿರುಗಿಸಿದರು. ನಕ್ಷೆಗಾರ ಬಾಗಿಲು ತೆಗೆದು ಗುಂಡಿ ಒತ್ತಿದ. ಸೀಟು ಅವರ ಎತ್ತರಕ್ಕೆ ಎದ್ದು ನಿಂತು, ಮರ್ಯಾದೆಯಿಂದ ಕಾಯಿತು. ಅತ್ತೆ ಊರುಗೋಲನ್ನು ಮಗನ ಕೈಗೆ ಕೊಟ್ಟು ಅನುಮಾನದಿಂದ ಕೂತರು. ಸೀಟು ಮೆಲ್ಲಗೆ ಇಳಿಯಿತು. ಮಂಡಿಗೆ ನೋವಾಗಲಿಲ್ಲ. ಅವರೇ ಒಮ್ಮೆ ಗುಂಡಿ ಒತ್ತಿದರು, ಎದ್ದಿತು. ಮತ್ತೆ ಒತ್ತಿದರು, ಇಳಿಯಿತು. ದಾರಿಯಲ್ಲಿ ಕೆಂಪು ದೀಪ ಬಂದಾಗಲೆಲ್ಲ ಅತ್ತೆ ಮೇಲೆದ್ದು ಪಕ್ಕದ ಗಾಡಿಯವರನ್ನು ನೋಡಿದರು, ಹಸಿರು ಬಂದಾಗ ಇಳಿದರು.

"ಇಷ್ಟು ವರ್ಷ ನೀವು ಬರೀ ಗೆರೆ ಎಳೆಯೋರು ಅಂದ್ಕೊಂಡಿದ್ದೆ," ಅಂದರು ಅಳಿಯನಿಗೆ.

ನಕ್ಷೆಗಾರನ ಕಣ್ಣು ಮಂಜಾಯಿತು. ಅವನ ಬೆನ್ನು ತನ್ನ ಸೀಟಿನಲ್ಲಿ, ತನಗೆ ಬೇಕಾದ ಕೋನದಲ್ಲಿ, ಅಂಗೈಯಲ್ಲಿಟ್ಟ ಹಕ್ಕಿಮರಿಯಂತೆ ಬೆಚ್ಚಗೆ ಕೂತಿತ್ತು. ಮನೆ ಇನ್ನಷ್ಟು ದೂರವಿರಬಾರದಿತ್ತೇ ಅನ್ನಿಸಿತು. ಹಿಂದಿನಿಂದ ಹೆಂಡತಿ ಒಂದು ಸಲ ಅವನ ಭುಜ ಮುಟ್ಟಿ ಕೈ ತೆಗೆದಳು. ಅಷ್ಟು ಸುಖದಲ್ಲಿ ಅವನು ಕಾರು ಓಡಿಸಿದ್ದು ಅದೇ ಮೊದಲು.

ಮನೆ ಬಂತು. ಸೀಟು ಎದ್ದಿತು, ಅತ್ತೆ ಎದ್ದರು, ಯಾರ ಕೈಯನ್ನೂ ಹಿಡಿಯದೆ ಇಳಿದು, ಊರುಗೋಲು ಊರಿಕೊಂಡು ಹಜಾರಕ್ಕೆ ನಡೆದು ಸೋಫಾದ ಮೇಲೆ ಕೂತರು. ಸೋಫಾ ಅವರನ್ನು ಒಳಗೆಳೆದುಕೊಂಡಿತು.

ಸ್ವಲ್ಪ ಹೊತ್ತಿಗೆ ಏಳಬೇಕೆಂದರು. ಆಗಲಿಲ್ಲ. ತಗ್ಗಿನ ಆಸನ ಮುಟ್ಟಲೂ ಕೂಡದೆಂದು ವೈದ್ಯರು ಹೇಳಿದ್ದರೆಂದು ಹೆಂಡತಿಗೆ ಆಗ ನೆನಪಾಯಿತು. ಮಗ, ಮಗಳು, ಅಳಿಯ ಮೂವರೂ ಸೇರಿ ಎಬ್ಬಿಸಿದರು. ಊಟದ ಮೇಜಿನ ಕುರ್ಚಿ ತಂದರು, ಅದರಲ್ಲಿ ಕೂರಲು ಮಂಡಿ ಅಷ್ಟು ಮಡಿಯುತ್ತಿರಲಿಲ್ಲ. ಮಂಚ ಎತ್ತರವಾಯಿತು. ಕೊನೆಗೆ ಅತ್ತೆ ನಿಂತಲ್ಲೇ ಗೇಟಿನ ಕಡೆ ನೋಡಿದರು.

"ನಾನು ಕಾರಲ್ಲೇ ಕೂತಿರ್ತೀನಿ," ಅಂದರು.

ಹೆಂಡತಿ ಗಂಡನ ಮುಖ ನೋಡಿದಳು. ಆ ನೋಟದ ಅರ್ಥ ಮದುವೆಯಾದವರಿಗೆಲ್ಲ ಗೊತ್ತು. "ರೀ," ಅಂದಳು ಮೆಲ್ಲಗೆ, "ನಾಲ್ಕು ಬೋಲ್ಟು ತಾನೆ?"

ಅವನು ಉತ್ತರ ಯೋಚಿಸುವ ಮುಂಚೆಯೇ ಬಾಮೈದ ಸ್ಪ್ಯಾನರು ತೆಗೆದುಕೊಂಡಿದ್ದ. ಎದುರುಮನೆಯಿಂದ ಹೈಟೆನ್ಷನ್ ಯಜಮಾನರು ಕರೆಯದೆಯೇ ಬಂದರು. ಹಗಲೆಲ್ಲ ಒಂದು ವೈರನ್ನು ನೆಟ್ಟಗೆ ಜೋಡಿಸಲು ಬಿಡದಿದ್ದ ಇವರಿಬ್ಬರು, ಕಾಯಿಸಿದ ಚಹಾ ಆರುವುದರೊಳಗೆ ಪಕ್ಕದ ಸೀಟನ್ನು ಬಿಚ್ಚಿ, ಹಜಾರಕ್ಕೆ ಹೊತ್ತು ತಂದು, ಹಳೆಯ ಪೆಟ್ಟಿಗೆಯೊಂದರ ಮೇಲೆ ಬಿಗಿದುಬಿಟ್ಟರು. ಒಂದು ತಪ್ಪೂ ಆಗಲಿಲ್ಲ. ಮನೆಯ ಕರೆಂಟು ಕೊಡೋಣವೇ ಎಂದು ಬಾಮೈದ ಕೇಳಿದಾಗ, ಕೊಟ್ಟರೆ ನಿಮ್ಮ ತಾಯಿ ಸೂರು ಒಡೆದುಕೊಂಡು ಹೋಗುತ್ತಾರೆ ಎಂದರು ಯಜಮಾನರು. ಅಂದು ಅವರು ಹೇಳಿದ ಒಂದೇ ಸರಿಯಾದ ಮಾತು ಅದು. ಹಾಗಾಗಿ ಕಾರಿನ ಬ್ಯಾಟರಿಯೂ ಒಳಗೆ ಬಂತು, ಕೆಂಪು ವೈರಿನ ಸಮೇತ. ಆ ವೈರನ್ನು ನೆಲಹಾಸಿನಡಿಯಿಂದ ಎಳೆಯಲು ಅಡ್ಡವಾಗುತ್ತದೆಂದು ಡ್ರೈವರ್ ಸೀಟನ್ನು ಬಾಮೈದ ಆದಷ್ಟೂ ಮುಂದಕ್ಕೆ ಸರಿಸಿ, ಆಮೇಲೆ ಬ್ಯಾಟರಿ ಬಿಚ್ಚಿದ್ದ. ಈಗ ಅದು ಸ್ಟಿಯರಿಂಗಿಗೆ ಮುತ್ತಿಡುತ್ತ ನಿಂತಿತ್ತು. ಅದನ್ನು ಹಿಂದೆ ಸರಿಸಲು ಕರೆಂಟು ಬೇಕು, ಕರೆಂಟು ಹಜಾರದಲ್ಲಿತ್ತು.

"ನಿಮ್ಮ ಸೀಟು ಮುಟ್ಟಿಲ್ಲ ಭಾವ," ಎಂದು ಬಾಮೈದ ಧೈರ್ಯ ಹೇಳಿದ. "ಹಾಗೇ ಇದೆ."

ಅತ್ತೆ ಕೂತರು. ಎದ್ದರು, ಇಳಿದರು. ಮಗನ ಕೈಚಳಕ ನೋಡಿದಿರಾ ಎಂದು ಯಜಮಾನರ ಹೆಂಡತಿಗೆ ಹೇಳಿದರು. ಆರೋಗ್ಯ ವಿಚಾರಿಸಲು ಬೀದಿಯವರು ಒಬ್ಬೊಬ್ಬರಾಗಿ ಬರತೊಡಗಿದರು. ಮಂಡಿಯ ಬಗ್ಗೆ ಒಂದು ಮಾತು ಕೇಳಿ, ಸೀಟಿನ ಬಗ್ಗೆ ಹತ್ತು ಮಾತು ಕೇಳಿದರು. ಅತ್ತೆ ಧಾರಾಳಿ. ಬಂದವರಿಗೆಲ್ಲ ಏರಿ ತೋರಿಸಿದರು, ಇಳಿದು ತೋರಿಸಿದರು, ಆಪ್ತರಿಗೆ ಬೆನ್ನು ಬಾಗಿಸಿಯೂ ತೋರಿಸಿದರು. ನಕ್ಷೆಗಾರ ಬಂದವರಿಗೆ ಕುರ್ಚಿ ಸರಿಸುತ್ತ, ಕೂರಲು ಜಾಗವಿಲ್ಲದೆ ಬಾಗಿಲಿಗೊರಗಿ ನಿಂತಿದ್ದ. ಕತ್ತಲಾಗುವ ಹೊತ್ತಿಗೆ, ಪಕ್ಕದ ಬೀದಿಯಿಂದ ಬಂದವರಿಗಾಗಿ ಅತ್ತೆ ಪೂರ್ತಿ ಮೇಲೇರಿದಾಗ, ಸೀಟು 'ಗುಂಯ್' ಎಂದು ನರಳಿ ನಿಂತಿತು. ಮತ್ತೆ ಇಳಿಯಲಿಲ್ಲ. ಅತ್ತೆಯ ಪಾದಗಳು ನೆಲದಿಂದ ಮೇಲೆ ಗಾಳಿಯಲ್ಲಿ ತೂಗಿದವು.

ಎಲ್ಲರೂ ನಕ್ಷೆಗಾರನ ಕಡೆ ತಿರುಗಿದರು.

ಬ್ಯಾಟರಿ ಖಾಲಿಯಾಗಿದೆ, ಚಾರ್ಜು ಮಾಡುವ ಅಂಗಡಿ ಇನ್ನೂ ತೆರೆದಿರುತ್ತದೆ ಎಂದರು ಯಜಮಾನರು. ಹೋಗಲು ಕಾರಿಗೆ ಬ್ಯಾಟರಿ ಇರಲಿಲ್ಲ. ಬಾಮೈದನಿಗೆ ಮನೆಯಲ್ಲಿ ಅವಸರದ ಕೆಲಸವಿತ್ತು. ನಕ್ಷೆಗಾರ ಬಗ್ಗಿ, ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡು, ಸ್ಟಿಯರಿಂಗಿಗೆ ಅಂಟಿ ನಿಂತ ತನ್ನ ಸೀಟನ್ನು ಕಣ್ಣಂಚಿನಲ್ಲಿ ನೋಡುತ್ತ ಗೇಟು ದಾಟಿದ.

ಹಿಂದಿನಿಂದ, ಕಿಟಕಿಯ ಎತ್ತರದಿಂದ, ಅತ್ತೆಯ ದನಿ ಕೇಳಿಸಿತು.

"ಅಳಿಯಂದಿರೇ, ಅವಸರ ಏನಿಲ್ಲ, ನಿಧಾನವಾಗಿ ಹೋಗ್ಬನ್ನಿ. ಇಲ್ಲಿಂದ ನಂಗೆ ರಸ್ತೆ ಪೂರ್ತಿ ಕಾಣತ್ತೆ. ಹಾಂ, ಎಡಗಡೆ ಒಂದು ಗುಂಡಿ ಇದೆ ನೋಡಿ."

ನಕ್ಷೆಗಾರ ಎಡಗಾಲ ಬಳಿ ನೋಡಲು ಹೋದ. ಬ್ಯಾಟರಿ ಅಡ್ಡವಾಗಿತ್ತು.